ಶಾಕಪ್ ಬದಲಿಸಿದರೂ ಗಾಡಿಯ ಹಿಂಭಾಗದ ಟಕ್ ಟಕ್ ಹೋಗಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಆರು ವರ್ಷದ ಕ್ರಾಸ್‌ಓವರ್ ಇದೆ, 84,000 ಕಿ.ಮೀ. ಓಡಿದೆ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್. ತೋಟದ ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಹಿಂದಿನ ಎಡಗಡೆಯಿಂದ ಟಕ್ ಟಕ್ ಅಂತ ಶಬ್ದ ಬರುತ್ತದೆ. ಹೈವೇಯಲ್ಲಿ 80 ದಾಟಿದರೆ ಹಿಂಭಾಗ ತೇಲಿದ ಹಾಗೆ ಆಗುತ್ತದೆ. ಎಡ ಹಿಂದಿನ ಟೈರ್ ಒಳಗಡೆ ಮಾತ್ರ ಸವೆದಿದೆ. ವರ್ಕ್‌ಶಾಪಿನಲ್ಲಿ ಹಿಂದಿನ ಎರಡೂ ಶಾಕಪ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಬದಲಿಸಿದರು. ಶಬ್ದ ಹಾಗೇ ಇದೆ. ಈಗ ಚಕ್ರ ಹಿಡಿದಿರುವ ಆರ್ಮ್‌ಗಳನ್ನೆಲ್ಲ (ತೋಳುಗಳನ್ನೆಲ್ಲ) ಬದಲಿಸಬೇಕು ಅನ್ನುತ್ತಿದ್ದಾರೆ. ಮಾಡಿಸಬೇಕಾ ಸರ್? ಅಲ್ಲಿಯವರೆಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರಬಹುದಾ?

ಉತ್ತರ: ಆರ್ಮ್ ಬದಲಿಸಲು ಈಗಲೇ ಒಪ್ಪಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ. ಟಕ್ ಟಕ್ ಅನ್ನುತ್ತಿರುವ ಭಾಗ ಒಂದು. ಟೈರ್ ತಿನ್ನುತ್ತಿರುವ ಭಾಗ ಇನ್ನೊಂದು. ಎರಡೂ ಎಡಗಡೆಯೇ ಇರುವುದರಿಂದ ಒಂದೇ ಅಂದುಕೊಂಡು ಹುಡುಕುತ್ತಿದ್ದಾರೆ, ಹಾಗಾಗಿ ಸಿಗುತ್ತಿಲ್ಲ.

ಸಸ್ಪೆನ್ಷನ್ ಕೆಲಸದಲ್ಲಿ ನಾನು ಮೊದಲು ಕಲಿತದ್ದೇ ಇದು. ಸವೆದ ಬಾಲ್ ಜಾಯಿಂಟ್ (ಬಟ್ಟಲೊಳಗೆ ಗುಂಡು ಕೂತು ತಿರುಗುವ ಕೀಲು) ಕೂಗುತ್ತದೆ, ಯಾಕೆಂದರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಬುಷ್ ಅಂದರೆ ಕೀಲಿನ ಜಾಗದಲ್ಲಿ ಕೂರಿಸಿದ ರಬ್ಬರ್ ಉಂಗುರ. ಅದು ಹರಿದರೆ ಮೆತ್ತಗೆ ಜರುಗುತ್ತದೆ. ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಟೈರ್ ಮುಗಿದಿರುತ್ತದೆ. ಅದಕ್ಕೇ ಶಬ್ದಕ್ಕೆ ಕಿವಿ ಕೊಡಿ, ಟೈರಿಗೆ ಕೈ ಕೊಡಿ. ಎರಡನ್ನೂ ಬೇರೆ ಬೇರೆ ವಿಚಾರಿಸಿ.

ಮೊದಲು ನಿಮ್ಮ ಗಾಡಿಯ ಹಿಂದೆ ಏನಿದೆ ಅಂತ ಸ್ವಲ್ಪ ನೋಡೋಣ. ಕ್ರಾಸ್‌ಓವರ್‌ಗಳಲ್ಲಿ ಎರಡು ಜಾತಿ ಇವೆ. ಕ್ರೆಟಾ, ನೆಕ್ಸಾನ್, ಬ್ರೆಝಾದಂಥವುಗಳಲ್ಲಿ ಹಿಂದೆ ಟಾರ್ಷನ್ ಬೀಮ್ ಇರುತ್ತದೆ. ಅಂದರೆ ಎರಡು ಚಕ್ರವನ್ನೂ ಸೇರಿಸುವ ಒಂದೇ ದಪ್ಪ ತೊಲೆ. ಅದರಲ್ಲಿ ಮುಖ್ಯವಾಗಿ ಸವೆಯುವುದು ಮುಂದಿನ ಎರಡು ದೊಡ್ಡ ಬುಷ್, ಶಾಕಪ್, ಅದರ ಮೇಲ್ತುದಿಯನ್ನು ಗಾಡಿಗೆ ಹಿಡಿಸುವ ಮೌಂಟ್, ಇಷ್ಟೇ. ಎಕ್ಸ್‌ಯುವಿ700ನಲ್ಲಿ ಮಲ್ಟಿಲಿಂಕ್ ಇದೆ. ಡಸ್ಟರ್ ಎರಡು ಚಕ್ರದ ಡ್ರೈವ್‌ನಲ್ಲಿ ಟಾರ್ಷನ್ ಬೀಮ್ ಇತ್ತು. 2014ರಲ್ಲಿ ಬಂದ ನಾಲ್ಕು ಚಕ್ರದ ಡ್ರೈವ್‌ನಲ್ಲಿ ಮಲ್ಟಿಲಿಂಕ್ ಕೊಟ್ಟಿದ್ದರು. ಮಲ್ಟಿಲಿಂಕ್ ಅಂದರೆ ಪ್ರತಿ ಚಕ್ರವನ್ನೂ ಮೂರು ನಾಲ್ಕು ತೋಳುಗಳು ಬೇರೆ ಬೇರೆ ದಿಕ್ಕಿನಿಂದ ಹಿಡಿದಿರುತ್ತವೆ. ಒಂದು ಮುಂದಕ್ಕೆ ಹಿಂದಕ್ಕೆ ಹೋಗದ ಹಾಗೆ ಹಿಡಿಯುತ್ತದೆ, ಅದು ಟ್ರೇಲಿಂಗ್ ಆರ್ಮ್. ಉಳಿದವು ಚಕ್ರ ವಾಲದ ಹಾಗೆ, ಮೂತಿ ತಿರುಗದ ಹಾಗೆ ನೋಡಿಕೊಳ್ಳುತ್ತವೆ. ಒಂದೊಂದು ತೋಳಿನ ಎರಡು ತುದಿಗೂ ಬುಷ್. ಸವಾರಿ ಚೆನ್ನಾಗಿರುತ್ತದೆ, ಆದರೆ ಹುಡುಕಬೇಕಾದ ಜಾಗಗಳೂ ಜಾಸ್ತಿ.

ಈಗ ಶಬ್ದ. ಯಾವ ಬೋಲ್ಟಿಗೂ ಸ್ಪ್ಯಾನರ್ ಹಾಕುವ ಮುಂಚೆ ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ತೋಟದ ಕತ್ತಿ, ಎಲ್ಲ ತೆಗೆಯಿರಿ. ಹಿಂದಿನ ಸೀಟಿನ ಕೊಂಡಿ ಸರಿಯಾಗಿ ಕೂತಿದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ. ಸಸ್ಪೆನ್ಷನ್ ಶಬ್ದ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಸಡಿಲ ಜಾಕ್ ಸಿಕ್ಕಿದ್ದು ಒಂದೆರಡು ಸಲ ಅಲ್ಲ. ಆಮೇಲೆ ಅದೇ ದಾರಿಯಲ್ಲಿ ಹೋಗುತ್ತಾ, ಶಬ್ದ ಬರುವಾಗ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಡಿ. ಶಬ್ದ ನಿಂತರೆ ಅದು ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರ್ ಅಲ್ಲಾಡುತ್ತಿರುವುದು.

ಹಾಗೂ ಶಬ್ದ ಉಳಿಯಿತು ಅನ್ನಿ. ಆಗ ಈ ಪರೀಕ್ಷೆ ಮಾಡಿ. ರಸ್ತೆಗೆ ಅಡ್ಡಲಾಗಿ ಪೂರ್ತಿ ಇರುವ ಒಂದು ಹಂಪ್ ನೋಡಿಕೊಳ್ಳಿ. ಅದರ ಮೇಲೆ ನೇರವಾಗಿ, ನಿಧಾನವಾಗಿ ಗಾಡಿ ಹತ್ತಿಸಿ. ಎರಡೂ ಹಿಂದಿನ ಚಕ್ರ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ಆಮೇಲೆ ಎಡಗಡೆ ಚಕ್ರ ಮಾತ್ರ ಇಳಿಯುವ ಒಂದು ಗುಂಡಿಯಲ್ಲಿ ಅಷ್ಟೇ ನಿಧಾನವಾಗಿ ಹೋಗಿ. ಹಂಪ್ ಮೇಲೆ ಮೌನ, ಒಂಟಿ ಗುಂಡಿಯಲ್ಲಿ ಟಕ್ ಅಂದರೆ ಸ್ಟೆಬಿಲೈಸರ್ ಬಾರಿನ ಲಿಂಕ್ ಮೇಲೆ ನನ್ನ ಅನುಮಾನ. ಗಾಡಿ ಜಾಸ್ತಿ ವಾಲದ ಹಾಗೆ ಎಡ ಬಲ ಚಕ್ರಗಳನ್ನು ಸೇರಿಸುವ ಸರಳು ಈ ಬಾರ್, ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿ ಲಿಂಕ್. ಎರಡು ಚಕ್ರ ಒಟ್ಟಿಗೆ ಎದ್ದಾಗ ಆ ಬಾರ್ ತನ್ನ ಬುಷ್ ಒಳಗೆ ಸುಮ್ಮನೆ ಹೊರಳುತ್ತದೆ, ಲಿಂಕಿಗೆ ಎಳೆತ ಬೀಳುವುದಿಲ್ಲ. ಒಂದೇ ಚಕ್ರ ಎದ್ದಾಗ ಬಾರ್ ತಿರುಚಿಕೊಳ್ಳುತ್ತದೆ, ಲಿಂಕ್ ಒಮ್ಮೆ ಎಳೆಸಿಕೊಳ್ಳುತ್ತದೆ, ಒಮ್ಮೆ ಒತ್ತಿಸಿಕೊಳ್ಳುತ್ತದೆ. ಅದರ ತುದಿಯ ಬಾಲ್ ಜಾಯಿಂಟ್ ಸವೆದಿದ್ದರೆ ಆ ಹೊತ್ತಿಗೆ ಟಕ್ ಅನ್ನುತ್ತದೆ. ತೋಟದ ದಾರಿಯಲ್ಲಿ ಎಡ ಬಲ ಚಕ್ರ ಒಂದೇ ಎತ್ತರದಲ್ಲಿ ಇರುವುದೇ ಕಡಿಮೆ, ಅಲ್ವಾ? ನಿಮಗೆ ಅಲ್ಲಿಯೇ, ನಿಧಾನದಲ್ಲಿಯೇ ಶಬ್ದ ಬರುತ್ತಿರುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮಲೆನಾಡಿನಲ್ಲಿ ಈ ಲಿಂಕಿನ ರಬ್ಬರ್ ಟೋಪಿ ಹರಿದರೆ ಮಳೆಗಾಲದ ಕೆಸರು ಒಳಗೆ ಹೋಗಿ ಜಾಯಿಂಟನ್ನು ಬೇಗ ಅರೆದುಬಿಡುತ್ತದೆ.

ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುವುದು ಸುಲಭ. ಆದರೆ ಹೆಚ್ಚಿನವರು ತಪ್ಪು ಮಾಡುವುದೂ ಇಲ್ಲೇ. ಒಂದು ಕಡೆ ಮಾತ್ರ ಜಾಕ್ ಹಾಕಿ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗಿ ನಿಲ್ಲುತ್ತದೆ. ಸವೆದ ಜಾಯಿಂಟ್ ಕೂಡ ಗಟ್ಟಿ ಇದ್ದ ಹಾಗೆ ಕಾಣುತ್ತದೆ. ಗಾಡಿಯ ಕೆಳಗೆ ಇಳಿದು ನೋಡುವ ಗುಂಡಿ ಇರುವ ವರ್ಕ್‌ಶಾಪಿನಲ್ಲಿ ನಾಲ್ಕೂ ಚಕ್ರ ನೆಲದ ಮೇಲಿರುವಾಗ ನೋಡಿಸಿ. ಇಲ್ಲವೇ ಲಿಫ್ಟಿನಲ್ಲಿ ಎರಡೂ ಹಿಂದಿನ ಚಕ್ರ ಸಮನಾಗಿ ತೂಗಾಡುವಾಗ ನೋಡಿಸಿ. ಇನ್ನೂ ಅನುಮಾನ ಇದ್ದರೆ ಎಡ ಬಲ ಎರಡೂ ಲಿಂಕ್ ಬಿಚ್ಚಿ, ಬಾರನ್ನು ಏನಕ್ಕೂ ತಾಗದ ಹಾಗೆ ಕಟ್ಟಿ, ತೋಟದ ದಾರಿಯಲ್ಲೇ ಅರ್ಧ ಕಿ.ಮೀ. ನಿಧಾನವಾಗಿ ಓಡಿಸಿ. ಶಬ್ದ ಹೋಯಿತಾ? ಹಾಗಾದರೆ ಕಳ್ಳ ಸಿಕ್ಕಿದ. ಲಿಂಕ್ ಇಲ್ಲದ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಹಾಗಾಗಿ ಡಾಂಬರು ರಸ್ತೆಗೆ ಮಾತ್ರ ತರಬೇಡಿ. ಲಿಂಕ್ ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಆರ್ಮ್‌ಗಳ ಖರ್ಚಿನ ಮುಂದೆ ಅದು ತುಂಬಾ ಸಣ್ಣ ಖರ್ಚು.

ಲಿಂಕ್ ಸರಿ ಇದೆ ಅಂತಾದರೆ ಹೊಸ ಶಾಕಪ್ ಹಾಕಿದ ಕೆಲಸವನ್ನೇ ಒಮ್ಮೆ ತಿರುಗಿ ನೋಡಬೇಕು. ಮೇಲಿನ ಮೌಂಟ್ ಹಳೆಯದನ್ನೇ ಹಾಕಿದ್ದಾರಾ? ಶಾಕಪ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಬಂಪ್ ಸ್ಟಾಪ್ ಪುಡಿಯಾಗಿದೆಯಾ? ಮೇಲಿನ ನಟ್ ಪೂರ್ತಿ ಬಿಗಿಯಾಗಿದೆಯಾ? ಹೊಸ ಶಾಕಪ್ಪೂ ಸಡಿಲ ಮೌಂಟಿನ ಮೇಲೆ ಕೂತರೆ ಬಡಿಯುತ್ತದೆ. ಇನ್ನೊಂದು ಪರೀಕ್ಷೆ, ಖಾಲಿ ಜಾಗದಲ್ಲಿ ರಿವರ್ಸ್ ಹೋಗಿ ಬ್ರೇಕ್ ಹಾಕಿ, ಮುಂದೆ ಹೋಗಿ ಬ್ರೇಕ್ ಹಾಕಿ. ಪ್ರತಿ ಸಲ ದಿಕ್ಕು ಬದಲಾದಾಗ ಒಂದೇ ಒಂದು ದಡ್ ಅಂತ ಬಂದರೆ ಟ್ರೇಲಿಂಗ್ ಆರ್ಮಿನ ದೊಡ್ಡ ಬುಷ್ ನೋಡಬೇಕು. ಅದು ಪೂರ್ತಿ ಕಿತ್ತುಹೋದ ಮೇಲೆ ಮಾತ್ರ ಹೀಗೆ ಶಬ್ದ ಮಾಡುತ್ತದೆ.

ಅಂದ ಹಾಗೆ, ನಿಮ್ಮ ಹಳೆಯ ಶಾಕಪ್ ನಿಜವಾಗಿ ಹೋಗಿತ್ತಾ ಅಂತ ನೀವು ಬರೆದಿಲ್ಲ. ಮೈಮೇಲೆ ತೆಳುವಾಗಿ ಬೆವರಿದ ಹಾಗೆ ಎಣ್ಣೆ ಇದ್ದರೆ ಅದು ಸಹಜ. ಎಣ್ಣೆ ಕೆಳಗೆ ಹರಿದು, ಧೂಳು ಅಂಟಿ ಕೆಸರಿನ ಹಾಗೆ ಆಗಿದ್ದರೆ ಸೋರಿಕೆ. ಡಿಕ್ಕಿ ಮೇಲೆ ಕೈಯಿಟ್ಟು ಒತ್ತಿ, ಗಾಡಿ ಎಷ್ಟು ಸಲ ಕುಣಿಯುತ್ತದೆ ಅಂತ ಎಣಿಸುವ ಹಳೆಯ ಪರೀಕ್ಷೆಯನ್ನು ನಾನು ಈಗಿನ ಗಾಡಿಗಳಲ್ಲಿ ನಂಬುವುದಿಲ್ಲ. ಪೂರ್ತಿ ಸತ್ತ ಶಾಕಪ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ.

ಈಗ ನನಗೆ ನಿಜವಾಗಿ ಚಿಂತೆ ತಂದ ವಿಷಯಕ್ಕೆ ಬರುತ್ತೇನೆ. ನಿಮ್ಮ ಟೈರ್, ಮತ್ತೆ 80ರ ಮೇಲೆ ಹಿಂಭಾಗ ತೇಲುವುದು.

ಗಾಡಿ ನಿಲ್ಲಿಸಿ, ಟೈರಿನ ಮೇಲೆ ಅಂಗೈ ಇಟ್ಟು ಒಳಗಿಂದ ಹೊರಗೆ ಸವರಿ. ಆಮೇಲೆ ಹೊರಗಿಂದ ಒಳಗೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಾಗೆ ಬೆರಳಿಗೆ ಸಿಕ್ಕಿದರೆ ಟೋ ತಪ್ಪಿದೆ, ಅಂದರೆ ಚಕ್ರದ ಮೂತಿ ನೇರಕ್ಕೆ ಇಲ್ಲ. ಎರಡು ದಿಕ್ಕಿನಲ್ಲೂ ನುಣುಪಾಗಿ ಒಳ ಅಂಚು ಮಾತ್ರ ಇಳಿದಿದ್ದರೆ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಸುತ್ತಲೂ ಅಲ್ಲಲ್ಲಿ ತಟ್ಟೆಯ ಹಾಗೆ ಗುಳಿ ಬಿದ್ದಿದ್ದರೆ ಶಾಕಪ್ ಹಿಡಿತ ಕಡಿಮೆಯಾಗಿ ಚಕ್ರ ಕುಣಿದಿದೆ, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲಾಗಿ ಪ್ಲೇ ಇದೆ. ನಿಮ್ಮದರಲ್ಲಿ ಟೋ ತಪ್ಪಿರಬೇಕು, ಅದರ ಜೊತೆಗೆ ಸ್ವಲ್ಪ ಕ್ಯಾಂಬರ್ ಕೂಡ ಇರಬಹುದು. ಕ್ಯಾಂಬರ್ ಒಂದರಿಂದಲೇ ಹಿಂಭಾಗ ಹೀಗೆ ತೇಲುವುದು ಕಡಿಮೆ.

ಟೋ ತಪ್ಪಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. 215/60 ಆರ್17 ಟೈರಿನ ವ್ಯಾಸ ಹೆಚ್ಚು ಕಡಿಮೆ 690 ಮಿ.ಮೀ. ಅದರ ಮೂತಿ ಅರ್ಧ ಡಿಗ್ರಿ ಹೊರಕ್ಕೆ ತಿರುಗಿದರೆ ಟೈರಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 6 ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಕಾಣುವುದಿಲ್ಲ. ಆದರೆ ಗಾಡಿ ಒಂದು ಕಿ.ಮೀ. ಹೋಗುವಷ್ಟರಲ್ಲಿ ಆ ಟೈರ್ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಸಾವಿರ ಕಿ.ಮೀ. ಓಡಿದರೆ ಹತ್ತಿರ ಹತ್ತಿರ 9 ಕಿ.ಮೀ. ದೂರ ಟೈರನ್ನು ಅಡ್ಡ ಎಳೆದ ಹಾಗೆ. ಯಾವ ರಬ್ಬರ್ ತಡೆದೀತು ಹೇಳಿ?

ಹಿಂದಿನ ಚಕ್ರಗಳ ಮೂತಿಯನ್ನು ಸಾಮಾನ್ಯವಾಗಿ ಸ್ವಲ್ಪ ಒಳಕ್ಕೆ ಇಟ್ಟಿರುತ್ತಾರೆ, ಗಾಡಿ ನೇರ ಓಡಲಿ ಅಂತ. ಟೋ ಹಿಡಿದಿರುವ ತೋಳಿನ ಬುಷ್ ಹರಿದರೆ ಚಕ್ರ ತನ್ನ ಇಷ್ಟದ ಹಾಗೆ ಒಳಗೆ ಹೊರಗೆ ತಿರುಗುತ್ತದೆ. ನೀವು ಸ್ಟೀರಿಂಗ್ ಅಲ್ಲಾಡಿಸದಿದ್ದರೂ ಹಿಂದಿನ ಚಕ್ರವೇ ಸ್ಟೀರಿಂಗ್ ಮಾಡುತ್ತಿರುತ್ತದೆ. ನೀವು ತೇಲಿದ ಹಾಗೆ ಅಂದಿರುವುದು ಇದನ್ನೇ ಅಂತ ನನ್ನ ಅಂದಾಜು. ಬ್ರೇಕ್ ಹಾಕಿದಾಗ ಇದು ಜಾಸ್ತಿಯಾಗುತ್ತದೆ.

ಈ ಬುಷ್ ನೋಡುವಾಗ ಅವಸರ ಬೇಡ. ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಬುಷ್ ಸುತ್ತಲಿನ ಮಣ್ಣು ತೊಳೆಯಿರಿ. ತೋಳಿಗೂ, ಅದನ್ನು ಕಟ್ಟಿರುವ ಚೌಕಟ್ಟಿಗೂ (ಸಬ್‌ಫ್ರೇಮ್) ನಡುವೆ ಟಾಮಿ, ಅಂದರೆ ಮೀಟುವ ಕಬ್ಬಿಣದ ಸರಳು, ಇಟ್ಟು ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಅಲ್ಲಾಡಲೇಬೇಕು, ಅದು ಇರುವುದೇ ಅದಕ್ಕೆ. ನೋಡಬೇಕಾದ್ದು, ಮೀಟಿದಾಗ ರಬ್ಬರ್ ಮತ್ತು ಒಳಗಿನ ಕಬ್ಬಿಣದ ಕೊಳವೆಯ ನಡುವೆ ಬಾಯಿ ತೆರೆಯುತ್ತದೆಯಾ ಅಂತ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಹೆದರಬೇಡಿ. ಇನ್ನೊಂದು ಮಾತು, ಕೆಲವು ಬುಷ್‌ಗಳಲ್ಲಿ ಎರಡು ಕಡೆ ಬಾಳೆಹಣ್ಣಿನ ಆಕಾರದ ಖಾಲಿ ಜಾಗ ಇರುತ್ತದೆ. ಅದು ಕಂಪನಿಯೇ ಬಿಟ್ಟಿರುವುದು, ಹರಿದದ್ದಲ್ಲ. ಇದನ್ನು ಗೊತ್ತಿಲ್ಲದವರು ಹರಿದಿದೆ ಅಂತ ತೋರಿಸುತ್ತಾರೆ. ಬಲಗಡೆಯ ಅದೇ ಬುಷ್ ಜೊತೆ ಹೋಲಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಒಳಗೆ ದ್ರವ ತುಂಬಿದ ಬುಷ್ ಆದರೆ ಸುತ್ತ ಕಪ್ಪು ಎಣ್ಣೆ ಕಲೆ ಇರುತ್ತದೆ. ಅದು ಹೋಗಿದೆ ಅಂತಲೇ ಲೆಕ್ಕ.

ಎಲ್ಲ ಆರ್ಮ್ ಬದಲಿಸಬೇಕು ಅನ್ನುವ ಮಾತಿಗೆ ನನ್ನ ಉತ್ತರ ಇಲ್ಲಿದೆ. ಯಾವ ಬುಷ್ ಹರಿದಿದೆ ಅಂತ ನಿಮ್ಮ ಕಣ್ಣಿಗೆ ತೋರಿಸಲಿ. ಹರಿದದ್ದನ್ನು ಬದಲಿಸಿ. ಕೆಲವು ಗಾಡಿಗೆ ಬುಷ್ ಬಿಡಿಯಾಗಿ ಸಿಗುತ್ತದೆ, ಬುಷ್ ಒತ್ತಿ ಕೂರಿಸುವ ಪ್ರೆಸ್ ಇರುವ ಕಡೆ ಹಾಕಿಸಬಹುದು. ಆದರೆ ಹಳೆಯದು ಯಾವ ದಿಕ್ಕಿಗೆ ಕೂತಿತ್ತು ಅಂತ ಗುರುತು ಹಾಕಿಕೊಂಡೇ ಹೊಸದನ್ನು ಒತ್ತಬೇಕು. ಬಿಡಿಯಾಗಿ ಸಿಗದಿದ್ದರೆ ಆ ಒಂದು ಆರ್ಮ್ ತೆಗೆದುಕೊಳ್ಳಿ.

ಹೊಸ ಬುಷ್ ಹಾಕುವಾಗ ಆಗುವ ಒಂದು ತಪ್ಪಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಒಳ್ಳೆಯ ಸಾಮಾನು ಹಾಕಿಯೂ ಜನ ದುಡ್ಡು ಕಳೆದುಕೊಳ್ಳುವುದು ಇದರಿಂದಲೇ.

ಬುಷ್ ಒಳಗಿನ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಹೊರಗಿನ ಉಂಗುರ ತೋಳಿನ ಜೊತೆ ಓಡಾಡುತ್ತದೆ. ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಲಿಫ್ಟಿನಲ್ಲಿ ಗಾಡಿ ಎತ್ತಿದಾಗ ಚಕ್ರಗಳು ಕೆಳಗೆ ತೂಗಾಡುತ್ತಿರುತ್ತವೆ. ಹಾಗೆಯೇ ಬೋಲ್ಟ್ ಬಿಗಿದರೆ ಆ ರಬ್ಬರಿಗೆ ತೂಗಾಡುವ ಸ್ಥಿತಿಯೇ ಆರಾಮದ ಸ್ಥಿತಿ. ಗಾಡಿ ಕೆಳಗೆ ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ, ರಾತ್ರಿ ಶೆಡ್ಡಿನಲ್ಲಿ ಇರುವಾಗಲೂ. ಅದರ ಮೇಲೆ ಹಂಪ್, ಗುಂಡಿ.

ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಒಂದು ಗಾಡಿ ಬಂದಿತ್ತು. ಬೇರೆ ಕಡೆ ಹೊಸ ಬುಷ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ತೋಳು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿದೆ. ರಬ್ಬರ್ ಇನ್ನೂ ಹೊಸದರ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಆದರೆ ಕೊಳವೆಯ ಸುತ್ತ ಮುಕ್ಕಾಲು ಭಾಗ ಬ್ಲೇಡಿನಲ್ಲಿ ಕೊಯ್ದ ಹಾಗೆ ಬಿಟ್ಟುಕೊಂಡಿತ್ತು. ಸೀಳಿನ ಒಳಗೆ ಕೆಂಪು ಮಣ್ಣು. ಮಾಲೀಕರು ಸಾಮಾನು ಡೂಪ್ಲಿಕೇಟ್ ಅಂದುಕೊಂಡಿದ್ದರು. ಸಾಮಾನಿನಲ್ಲಿ ತಪ್ಪಿರಲಿಲ್ಲ. ಬೋಲ್ಟನ್ನು ತಪ್ಪು ಹೊತ್ತಿನಲ್ಲಿ ಬಿಗಿದಿದ್ದರು.

ಸರಿಯಾದ ರೀತಿ ಕಷ್ಟವೇನಲ್ಲ. ಗಾಡಿ ಎತ್ತುವ ಮುಂಚೆ, ಖಾಲಿ ಗಾಡಿ ಸಮತಟ್ಟು ನೆಲದಲ್ಲಿ ನಿಂತಿರುವಾಗ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬುಷ್ ಹಾಕಿದ ಮೇಲೆ ಬೋಲ್ಟ್‌ಗಳನ್ನು ಕೈ ಬಿಗಿ ಮಾತ್ರ ಇಟ್ಟು, ಚಕ್ರ ಕೂರುವ ಹಬ್‌ನ ಕೆಳಗೆ ಜಾಕ್ ಕೊಟ್ಟು, ಅದೇ ಅಳತೆ ಬರುವವರೆಗೆ ಚಕ್ರ ಎತ್ತಬೇಕು. ಆಗ ಬಿಗಿತ ತೋರಿಸುವ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟು ಬಿಗಿಯಬೇಕು. ಶಾಕಪ್ಪಿನ ಕೆಳಗಿನ ಬೋಲ್ಟಿಗೂ ಇದೇ ಮಾತು, ಅಲ್ಲೂ ರಬ್ಬರ್ ಬುಷ್ ಇದೆ. ಹಾಗಾಗಿ ನಿಮ್ಮ ಹೊಸ ಶಾಕಪ್ಪುಗಳ ಕೆಳಗಿನ ಬೋಲ್ಟ್ ಒಮ್ಮೆ ಸಡಿಲಿಸಿ, ಗಾಡಿ ನೆಲದ ಮೇಲೆ ನಿಂತಾಗಿನ ಎತ್ತರದಲ್ಲೇ ಇರುವಾಗ ಮತ್ತೆ ಬಿಗಿಸಿ.

ಅದೇ ಅಳತೆಯಿಂದ ಇನ್ನೊಂದು ಲಾಭ ಇದೆ. ಎಡಗಡೆ ಬಲಗಡೆಗಿಂತ ಎದ್ದು ಕಾಣುವಷ್ಟು ಕೆಳಗಿದ್ದರೆ ಸ್ಪ್ರಿಂಗ್ ನೋಡಬೇಕು. ಕಾಯಿಲ್ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೊನೆಯ ಸುತ್ತಿನಲ್ಲಿ. ಮುರಿದ ತುಂಡು ಕೆಳಗಿನ ಬಟ್ಟಲಿನ ಮಣ್ಣಿನಲ್ಲಿ ಹೂತು ಕಾಣದೇ ಇರುತ್ತದೆ. ಕಾಫಿ ಕೊಯ್ಲಿನಲ್ಲಿ ನೀವು ಡಿಕ್ಕಿಗೆ 50 ಕೆ.ಜಿ.ಯ ಚೀಲ ಆರು ಹಾಕಿದರೆ ಅದೇ 300 ಕೆ.ಜಿ. ಹಾಗೆ ಹೇರಿದಾಗ ಹಿಂಭಾಗ ಕೂತು ಚಕ್ರದ ತಲೆ ಇನ್ನಷ್ಟು ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚೇ ಭಾರ ಹೊರುತ್ತದೆ. ದಿನಾ ಹೇರುವುದಿದ್ದರೆ ದಯವಿಟ್ಟು ಪಿಕಪ್‌ಗೆ ಹಾಕಿ.

ಬೇರಿಂಗ್ ಬಗ್ಗೆ ನೀವು ಕೇಳಿಲ್ಲ, ಶಬ್ದವೂ ಅದರದ್ದಲ್ಲ. ಅದು ಊಂ ಅಂತ ವೇಗದ ಜೊತೆ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಗಾಡಿ ಎತ್ತಿದಾಗ ಸ್ಪ್ರಿಂಗ್ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿ, ಗರಗರ ಅಂತ ಕೈಗೆ ತಾಗುತ್ತದೆಯಾ ನೋಡಿ, ಸಾಕು.

ಬುಷ್ ಆದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಲೇಬೇಕು. ಮುಂದಿನದು ಮಾತ್ರ ಮಾಡಿ ಕಳಿಸಿದರೆ ಒಪ್ಪಬೇಡಿ. ಮಲ್ಟಿಲಿಂಕ್‌ನಲ್ಲಿ ಹಿಂದಿನ ಟೋ ತಿದ್ದಲು ಸಾಮಾನ್ಯವಾಗಿ ಒಂದು ಕ್ಯಾಮ್ ಬೋಲ್ಟ್ ಇರುತ್ತದೆ, ಅದನ್ನು ತಿರುಗಿಸಿದರೆ ತೋಳು ಜರುಗುತ್ತದೆ. ನಮ್ಮ ಮಳೆಗೆ ಅದು ಬುಷ್ಷಿನ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತಿರುಗುವುದಿಲ್ಲ ಅಂದಾಗ ಕೆಲವರು ಹಾಗೇ ಬಿಟ್ಟು, ಮುಂದಿನ ಚಕ್ರ ತಿದ್ದಿ ಸ್ಟೀರಿಂಗ್ ನೇರ ಮಾಡಿ ಕೊಡುತ್ತಾರೆ. ಸ್ಟೀರಿಂಗ್ ನೇರ ಕಾಣುತ್ತದೆ, ಹಿಂದಿನ ಟೈರ್ ತಿನ್ನುವುದು ನಿಲ್ಲುವುದಿಲ್ಲ. ನಿಮ್ಮಲ್ಲೂ ಹೀಗಾಗಿದ್ದರೆ ಆಶ್ಚರ್ಯವಿಲ್ಲ. ಕಚ್ಚಿಕೊಂಡ ಬೋಲ್ಟನ್ನು ಕತ್ತರಿಸಿ, ಬೋಲ್ಟ್ ಮತ್ತು ಬುಷ್ ಎರಡನ್ನೂ ಹೊಸದು ಹಾಕಬೇಕು. ಹಾಕುವಾಗ ಬೋಲ್ಟಿನ ಮೈಗೆ ತುಕ್ಕು ತಡೆಯುವ ಪೇಸ್ಟ್ ತೆಳುವಾಗಿ ಹಚ್ಚಿಸಿ, ರಬ್ಬರಿಗೆ ಮಾತ್ರ ತಾಗಬಾರದು.

ಚಾರ್ಮಾಡಿ ವಿಷಯ. ಎಡ ಹಿಂದಿನ ಟೈರಿನ ಒಳ ಅಂಚನ್ನು ಟಾರ್ಚ್ ಹಾಕಿ ನೋಡಿ. ತೋಡುಗಳ ತಳದಲ್ಲಿರುವ ಸಣ್ಣ ಗುರುತಿನ ಮಟ್ಟಕ್ಕೆ ಇಳಿದಿದ್ದರೆ ಉಳಿದಿರುವುದು 1.6 ಮಿ.ಮೀ. ಅದು ಕಾನೂನಿನ ಕೊನೆಯ ಗೆರೆ. ಮಳೆಯಲ್ಲಿ ಘಾಟಿಗೆ ಅದು ಸಾಲದು. ನೂಲು ಅಥವಾ ತಂತಿ ಕಾಣುತ್ತಿದ್ದರೆ ಪೇಟೆಗೂ ಅದರಲ್ಲಿ ಹೋಗಬೇಡಿ, ಮನೆಯಲ್ಲೇ ಸ್ಟೆಪ್ನಿ ಹಾಕಿ. ಸ್ಟೆಪ್ನಿ ಸಣ್ಣ ಅಳತೆಯದಾಗಿದ್ದರೆ ಅದರ ಮೇಲೆ ಬರೆದ ವೇಗ ಮೀರಬೇಡಿ. ಟೈರ್ ಚೆನ್ನಾಗಿದ್ದರೂ, ತೇಲುವುದು ಸರಿಯಾಗುವವರೆಗೆ ಘಾಟಿ ಬೇಡ ಅನ್ನುತ್ತೇನೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೂತಿ ತಿರುಗಿಸುವ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಅನಿವಾರ್ಯ ಇದ್ದರೆ ಬೇರೆ ಗಾಡಿಯಲ್ಲಿ ಹೋಗಿ.

ಹೊಸ ಟೈರನ್ನು ಅಲೈನ್‌ಮೆಂಟ್‌ಗೆ ಹೋಗುವ ದಿನ ಹಾಕಿಸಿ, ಅದಕ್ಕಿಂತ ಮುಂಚೆ ಬೇಡ. ಅಲೈನ್‌ಮೆಂಟ್ ಮೆಷಿನ್ನಿನಿಂದ ತಿದ್ದುವ ಮುಂಚಿನದು ಒಂದು, ಆಮೇಲಿನದು ಒಂದು, ಎರಡೂ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಮುಂಚಿನ ಪ್ರಿಂಟಿನಲ್ಲಿ ಹಿಂದಿನ ಎಡ ಟೋ ಎಷ್ಟಿತ್ತು ಅಂತ ನನಗೆ ಬರೆದು ಕಳಿಸಿ.